ಬೆಟ್ಟದ ರೇಡಿಯೋದ ಚೆಕ್ಕುಬಂದಿ

ಬೆಟ್ಟದ ರೇಡಿಯೋ ನಿಂತುಹೋದದ್ದು ೧೯೯೫ರ ನವೆಂಬರಿನಲ್ಲಿ, ಒಂದು ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ. ಅದನ್ನು ನಿಲ್ಲಿಸಿದವನು ನಾನು. ಈ ಎರಡನೆಯ ಮಾತನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಹತ್ತೊಂಬತ್ತು ದಿನ ಹಿಡಿಯಿತು. ಆ ಹತ್ತೊಂಬತ್ತು ದಿನ ನನ್ನ ಬದಲಿಗೆ ಇನ್ನೊಬ್ಬರು ಮಾತು ಕೇಳಿಸಿಕೊಂಡರು.

ನಮ್ಮೂರು ಪಾಂಡವಪುರದ ಹೊರಗೆ, ಕುಂತಿಬೆಟ್ಟದ ಮಗ್ಗುಲಲ್ಲಿದೆ. ನಾನು ಊರಿನ ಹಾಲಿನ ಡೈರಿಯಲ್ಲಿ ಗುಮಾಸ್ತ. ಹೆಸರು ಪುಟ್ಟರಾಜು. ಬೆಳಗಿನ ಹಾಲು ಅಳೆದ ಮೇಲೆ ಪಾಂಡವಪುರ ಸ್ಟೇಷನ್ನಿನಿಂದ ಮೈಸೂರಿಗೆ ಹೋಗಿ, ಸಂಜೆ ಕಾಲೇಜಿನಲ್ಲಿ ಐದು ವರ್ಷ ಓದಿ ಬಿ.ಎ. ಮಾಡಿಕೊಂಡೆ. ಹಗಲು ಓದಿದವರಿಗೆ ಇರುವ ಧೈರ್ಯ ಸಂಜೆ ಓದಿದವರಿಗೆ ಇರುವುದಿಲ್ಲವೆಂದು ನನಗೆ ಅನಿಸುತ್ತದೆ. ಇದು ನನ್ನೊಬ್ಬನ ದೌರ್ಬಲ್ಯವೂ ಇರಬಹುದು. ಬರೆದ ಪ್ರತಿಯೊಂದನ್ನೂ ಮೂರು ಸಲ ಓದದೆ ಕೈಯಿಂದ ಬಿಡುವುದಿಲ್ಲ. ಹಾಗಾಗಿ ಊರಿನವರು ಅರ್ಜಿ ಬರೆಸಲು ನನ್ನ ಬಳಿಯೇ ಬರುತ್ತಿದ್ದರು. ಪಹಣಿಯಲ್ಲಿ ಹೆಸರು ತಪ್ಪಿದ್ದಕ್ಕೆ, ವಿಧವಾ ವೇತನಕ್ಕೆ, ಕಂಬ ಬಿದ್ದದ್ದಕ್ಕೆ ನಾನು ಬರೆದ ಅರ್ಜಿ ಕೊರತೆಯಿದೆ ಎಂದು ವಾಪಸು ಬಂದದ್ದಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

ರೇಡಿಯೋ ನಡೆಸುತ್ತಿದ್ದವರು ಚಿಕ್ಕಸ್ವಾಮಣ್ಣ. ಪಾಂಡವಪುರದಲ್ಲಿ ಅವರದು ರೇಡಿಯೋ, ಮಿಕ್ಸಿ ರಿಪೇರಿ ಅಂಗಡಿ. ಅದಕ್ಕೆ ಮೊದಲು ಮೈಸೂರಿನಲ್ಲಿ ಅಂಗಡಿಯಿಟ್ಟಿದ್ದಾಗ, ಡಾಕ್ಟರಿಕೆ ಓದಲು ಶಿಲ್ಲಾಂಗಿನಿಂದ ಬಂದಿದ್ದ ಒಬ್ಬ ವಿದ್ಯಾರ್ಥಿಯ ಟೇಪ್ ರೆಕಾರ್ಡರನ್ನು ಐದು ವರ್ಷ ಇವರೇ ನೋಡಿಕೊಂಡಿದ್ದರಂತೆ. ಓದು ಮುಗಿಸಿ ಊರಿಗೆ ಹೊರಟಾಗ ಆತ ಒಂದು ಟ್ರಂಕು ತುಂಬ ಕ್ಯಾಸೆಟ್ಟು ತಂದು ಇವರ ಮುಂದಿಟ್ಟು ಹೋದನಂತೆ. ಎಲ್ಲವೂ ಇಂಗ್ಲಿಷಿನ ರಾಕ್ ಹಾಡುಗಳು. ಚಿಕ್ಕಸ್ವಾಮಣ್ಣನಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೆ ಗಿಟಾರಿನ ಸದ್ದಿಗೆ ಮನಸೋತಿದ್ದರು. ಹಳೆಯ ಸೆಟ್ಟುಗಳ ಬಿಡಿಭಾಗ ಜೋಡಿಸಿ, ತಮ್ಮ ಮನೆಯ ಅಟ್ಟದಲ್ಲಿ ಒಂದು ಪ್ರಸಾರದ ಡಬ್ಬ ಮಾಡಿದರು. ತಂತಿಯನ್ನು ಸೂರಿನಿಂದ ಎಳೆದು ಪಕ್ಕದ ತೋಟದ ತೆಂಗಿನಮರಕ್ಕೆ ಕಟ್ಟಿದರು. ಮೀಡಿಯಂ ವೇವಿನಲ್ಲಿ ಮೈಸೂರು ಆಕಾಶವಾಣಿಯಿಂದ ಮುಳ್ಳನ್ನು ಒಂದು ಬೆರಳಷ್ಟು ಬಲಕ್ಕೆ ತಿರುಗಿಸಿದರೆ ಸಂಜೆ ಆರಕ್ಕೆ ಅವರ ದನಿ ಬರುತ್ತಿತ್ತು.

"ಬೆಟ್ಟದಿಂದ ಮಾತಾಡ್ತಾ ಇವ್ನಿ. ಕರೆಂಟ್ ಇರೋಗಂಟ ಕೇಳ್ರಪ್ಪ."

ಅಷ್ಟೇ. ಆಮೇಲೆ ಏಳೂವರೆಯವರೆಗೆ ಗಿಟಾರು, ಡ್ರಮ್ಮು, ಗಂಟಲು. ಸುತ್ತಲಿನ ಏಳೆಂಟು ಹಳ್ಳಿಗೆ ಕೇಳುತ್ತಿತ್ತು. ಮೋಡವಿಲ್ಲದ ದಿನ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹೂವಿನಂಗಡಿಯಲ್ಲೂ ಕೇಳಿತೆಂದು ಕಂಡಕ್ಟರೊಬ್ಬ ಹೇಳಿದ್ದ. ಹಾಡುಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಜನ ತಾವೇ ಹೆಸರಿಟ್ಟುಕೊಂಡಿದ್ದರು. ಟ್ರಾಕ್ಟರು ಸ್ಟಾರ್ಟಾಗೋ ಹಾಡು. ಗಂಟ್ಲು ಅರ್ಕಂಡೋನ ಹಾಡು. ಬಾವಿಗೆ ಬಿಂದಿಗೆ ಬಿದ್ದ ಹಾಡು. ಮುದ್ದಯ್ಯನ ಆಲೆಮನೆಯಲ್ಲಿ ರೇಡಿಯೋವನ್ನು ಕಂಬಕ್ಕೆ ನೇತುಹಾಕಿ, ಒಲೆಯುರಿ ನೋಡುವವರು ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ, ರಸ ಹಿಂಡಿ ಒಣಗಿಸಿದ ಕಬ್ಬಿನ ರಚ್ಚನ್ನು ಒಲೆಗೆ ತಳ್ಳುತ್ತಿದ್ದರು. ಕೊಪ್ಪರಿಗೆ ಉಕ್ಕುವ ಹೊತ್ತಿಗೆ ಯಾವ ಹಾಡು ಬರಬೇಕೆಂದು ಮುದ್ದಯ್ಯ ಚೀಟಿ ಕಳಿಸುತ್ತಿದ್ದ. ನಾನು ಆ ಚೀಟಿಗಳನ್ನು ಜೋಡಿಸಿ, ಕ್ಯಾಸೆಟ್ಟುಗಳಿಗೆ ನಂಬರು ಬರೆದು, ಪಟ್ಟಿ ಮಾಡಿಕೊಡುತ್ತಿದ್ದೆ. ನನ್ನ ಜೀವನದಲ್ಲಿ ನಾನು ಸಂತೋಷದಿಂದ ಮಾಡಿದ ಪಟ್ಟಿಗಳು ಅವು ಮಾತ್ರ.

ಆದರೆ ನನಗೆ ಒಳಗೊಳಗೇ ಭಯ. ಸರ್ಕಾರದ ಒಪ್ಪಿಗೆಯಿಲ್ಲದೆ ಪ್ರಸಾರ ಮಾಡುವಂತಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ಸಲ ಚಿಕ್ಕಸ್ವಾಮಣ್ಣನಿಗೆ ಹೇಳಿಯೂ ಇದ್ದೆ.

"ಪರ್ಮಿಷನ್ ಕೇಳೋಣ್ವಾ ಅಣ್ಣ?"

"ಕೇಳಿದ್ರೆ ತಾನೆ ಇಲ್ಲ ಅನ್ನೋದು," ಎಂದು ಅವರು ಕ್ಯಾಸೆಟ್ಟಿನೊಳಗೆ ಪೆನ್ಸಿಲು ತೂರಿಸಿ ಸುತ್ತುತ್ತಾ ಹೇಳಿದರು. "ಕೇಳ್ನಿಲ್ಲ ಅಂದ್ರೆ ಯಾರ್ ಬಂದು ಇಲ್ಲ ಅಂತಾರೆ? ಸುಮ್ಕಿರ್ಲಾ."

ಆ ವರ್ಷ ಫೆಬ್ರವರಿಯಲ್ಲಿ, ಪ್ರಸಾರ ಸಾಗುವ ಗಾಳಿಯ ಅಲೆಗಳು ಜನರ ಸೊತ್ತು ಎಂದು ದೆಹಲಿಯ ದೊಡ್ಡ ಕೋರ್ಟು ಹೇಳಿದ್ದು ಪೇಪರಿನಲ್ಲಿ ಬಂತು. ನಾನು ಅದನ್ನು ಕತ್ತರಿಸಿಟ್ಟುಕೊಂಡೆ. ಈಗ ಕೇಳಿದರೆ ಕೊಡಲೇಬೇಕಲ್ಲವೇ ಎಂದು ಏಳೆಂಟು ತಿಂಗಳು ಯೋಚಿಸಿದೆ. ಎಲ್ಲರ ಒಳ್ಳೆಯದಕ್ಕೇ ಯೋಚಿಸಿದೆ ಎಂದು ಹೇಳಿಕೊಳ್ಳಲು ಇಷ್ಟ. ನಿಜವೇನೆಂದರೆ, ಒಂದು ದಿನ ಸರ್ಕಾರದ ಮೊಹರು ಬಿದ್ದ ಒಪ್ಪಿಗೆ ಪತ್ರವನ್ನು ಚಿಕ್ಕಸ್ವಾಮಣ್ಣನ ಮೇಜಿನ ಮೇಲೆ ಇಡುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತ್ತು. ಆಲೆಮನೆಯ ಜನ ನನ್ನ ಕಡೆ ತಿರುಗಿ ನೋಡುವುದೂ ಅದರಲ್ಲಿತ್ತು.

ಅಕ್ಟೋಬರಿನಲ್ಲಿ ಅರ್ಜಿ ಬರೆದೆ. ಇಂಗ್ಲಿಷಿನಲ್ಲಿ ಟೈಪು ಮಾಡಿಸಿದೆ. 'ಬೆಟ್ಟದ ರೇಡಿಯೋ ಕೇಳುಗರ ಸಂಘ' ಎಂದು ಇಲ್ಲದ ಸಂಘವೊಂದನ್ನು ಹುಟ್ಟಿಸಿ, ಕೆಳಗೆ ಕಾರ್ಯದರ್ಶಿ ಎಂದು ಹಾಕಿಸಿ, ಅದರ ಮೇಲೆ ಸಹಿ ಮಾಡಿದೆ. ನನ್ನ ಸಹಿ ಯಾರಿಗೂ ಓದಲಾಗದು. ದೊಡ್ಡ ಅಧಿಕಾರಿಗಳ ಸಹಿ ಹಾಗಿರುತ್ತದೆಂದು ಕಾಲೇಜಿನ ದಿನಗಳಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಆಮೇಲೆ, ಅರ್ಜಿಯಲ್ಲಿ ಕೊರತೆ ಇರಬಾರದಲ್ಲ, ಜಮೀನಿನ ಪತ್ರಕ್ಕೆ ಹಾಕುವಂತೆ ಚೆಕ್ಕುಬಂದಿಯನ್ನೂ ಸೇರಿಸಿದೆ. ನೀಲಿ ಶಾಯಿಯಲ್ಲಿ ಒಂದು ನಕ್ಷೆ ಬರೆದು, ಪ್ರಸಾರದ ಡಬ್ಬ ಇರುವ ಮನೆಗೆ ನಾಲ್ಕು ದಿಕ್ಕಿನ ಎಲ್ಲೆ ತೋರಿಸಿದೆ. ಪೂರ್ವಕ್ಕೆ ಬೋರಯ್ಯನವರ ತೆಂಗಿನ ತೋಟ. ಪಶ್ಚಿಮಕ್ಕೆ ಊರ ಬಾವಿ. ಉತ್ತರಕ್ಕೆ ಬೆಟ್ಟ. ದಕ್ಷಿಣಕ್ಕೆ ಪಾಂಡವಪುರದ ರಸ್ತೆ. ಕನ್ನಡದಲ್ಲೇ ಬರೆದೆ, ಏಕೆಂದರೆ ಚೆಕ್ಕುಬಂದಿಯನ್ನು ಇಂಗ್ಲಿಷಿನಲ್ಲಿ ಬರೆದು ನನಗೆ ಅಭ್ಯಾಸವಿಲ್ಲ. ಪ್ರಸಾರದ ವೇಳೆಯನ್ನೂ ನಮೂದಿಸಿದೆ. ನನ್ನ ಪ್ರಕಾರ ಅದು ನಾನು ಬರೆದ ಅತ್ಯುತ್ತಮ ಅರ್ಜಿಯಾಗಿತ್ತು.

ಪಾಂಡವಪುರದ ಪೋಸ್ಟಾಫೀಸಿನಲ್ಲಿ ಗುರುತಿನವರಿದ್ದಾರೆಂದು, ಬಿಂಡಿಗನವಿಲೆಯ ಅಕ್ಕನ ಮನೆಗೆ ಹೋಗುವಾಗ ನಾಗಮಂಗಲದಲ್ಲಿ ಇಳಿದು ರಿಜಿಸ್ಟರು ಮಾಡಿದೆ. ಒಳ್ಳೆಯ ಕೆಲಸವಾಗಿದ್ದರೆ ನಾಗಮಂಗಲದವರೆಗೆ ಏಕೆ ಹೋಗಬೇಕಿತ್ತು ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಒಂದು ತಿಂಗಳಿಗೆ ಜೀಪು ಬಂತು. ಮೂವರು ಅಧಿಕಾರಿಗಳು, ಜೊತೆಗೊಬ್ಬ ಪೊಲೀಸು. ನಾನು ಡೈರಿಯ ಬಾಗಿಲಲ್ಲಿದ್ದೆ. ಜೀಪು ಯಾರನ್ನೂ ದಾರಿ ಕೇಳದೆ ನೇರವಾಗಿ ಬಾವಿಯ ಬಳಿ ತಿರುಗಿದ್ದನ್ನು ಕಂಡು, ಡೈರಿಗೆ ಬೀಗವನ್ನೂ ಹಾಕದೆ ಹೊರಟೆ. ನಾನು ಹೋಗುವಷ್ಟರಲ್ಲಿ ಅರ್ಧ ಊರು ಸೇರಿತ್ತು. ಹಿರಿಯ ಅಧಿಕಾರಿ ಕಂದು ಫೈಲು ಬಿಚ್ಚಿ ಹಿಡಿದು ನಿಂತಿದ್ದರು. ಅದರೊಳಗೆ ನನ್ನ ನೀಲಿ ಶಾಯಿ ಕಾಣುತ್ತಿತ್ತು.

"ಬೋರಯ್ಯನವರ ತೆಂಗಿನ ತೋಟ ಯಾವುದು?" ಎಂದು ಅವರು ಫೈಲು ನೋಡುತ್ತಲೇ ಕೇಳಿದರು.

ಜನ ಒಟ್ಟಿಗೇ ಬೋರಯ್ಯನ ಕಡೆ ತಿರುಗಿದರು. ಅಲ್ಲೇ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ ಬೋರಯ್ಯ, "ನಂದೇ ಸ್ವಾಮಿ, ಇದೇಯ," ಎಂದರು.

ಅಧಿಕಾರಿ ತಲೆಯಾಡಿಸಿ, "ಹಾಗಾದರೆ ಮನೆ ಇದು," ಎಂದು ಚಿಕ್ಕಸ್ವಾಮಣ್ಣನ ಬಾಗಿಲಿಗೆ ನಡೆದರು.

ಬೋರಯ್ಯನಿಗೂ ರೇಡಿಯೋಗೂ ಮೊದಲಿನಿಂದ ಆಗುತ್ತಿರಲಿಲ್ಲ. ತಂತಿ ಕಟ್ಟಿದ್ದು ಅವರ ಮರಕ್ಕೆ. "ನನ್ ತೆಂಗಿನಮರ ಇಂಗ್ಲೀಸ್ ಕಲ್ತು ಕಾಯಿ ಬುಡೋದ್ ಮರ್ತದೆ ಕಣ್ರಲಾ" ಎಂದು ಆಲೆಮನೆಯಲ್ಲಿ ಎಲ್ಲರೆದುರು ಬೈಯುತ್ತಿದ್ದರು. ಹದಿನೈದು ದಿನದ ಹಿಂದೆ, "ಒಂದಿನ ಈ ಡಬ್ಬ ಎತ್ತಾಕಿಸ್ನಿಲ್ಲ ಅಂದ್ರೆ ಕೇಳಿ" ಎಂದೂ ಅಂದಿದ್ದರು. ಈಗ ಸರ್ಕಾರದ ಫೈಲಿನಲ್ಲಿ ಅವರ ಹೆಸರು ಬಂದಮೇಲೆ ಯಾರಿಗೆ ಏನು ಅನುಮಾನ ಉಳಿದೀತು?

ಡಬ್ಬವನ್ನು ಗೋಣಿಚೀಲದಲ್ಲಿ ಕಟ್ಟಿ ಜೀಪಿಗೆ ಹಾಕಿದರು. ತಂತಿಯನ್ನು ಕತ್ತರಿಸಿದರು. ಚಿಕ್ಕಸ್ವಾಮಣ್ಣ ಕೈಕಟ್ಟಿಕೊಂಡು, "ಯಾರು ಬರ್ದವ್ರೆ ಸಾರ್?" ಎಂದು ಕೇಳಿದರು.

"ಕಾಗದ ಬಂದಿದೆ, ಬಂದಿದ್ದೇವೆ. ಯಾರು ಏನು ಅಂತ ಹೇಳೋ ಹಾಗಿಲ್ಲ. ಇನ್ನೊಂದು ಸಲ ಮಾಡಲ್ಲ ಅಂತ ಮುಚ್ಚಳಿಕೆ ಬರೆದುಕೊಡಿ, ಕೇಸು ಬೇಡ."

"ಪುಟ್ರಾಜ, ಬಾರ್ಲಾ ಬರಿ," ಎಂದರು ಚಿಕ್ಕಸ್ವಾಮಣ್ಣ. ಅಂಥದ್ದನ್ನು ಬರೆಯುವವನು ಊರಿಗೆ ನಾನೊಬ್ಬನೇ. ಜಗಲಿಯ ಮೇಲೆ ಕುಳಿತು ಬರೆದೆ. ಅಕ್ಷರ ಬೇರೆಯಾಗಿ ಕಾಣಲೆಂದು ಓರೆಯಾಗಿ ಬರೆಯಲು ನೋಡಿದೆ, ಕೈ ಬಾಗಲಿಲ್ಲ. ಅಧಿಕಾರಿ ಅದನ್ನು ತೆಗೆದುಕೊಂಡು ಫೈಲಿಗೆ ಸೇರಿಸುವಾಗ ಒಂದು ಕ್ಷಣ ಎರಡು ಹಾಳೆಗಳನ್ನೂ ಅಕ್ಕಪಕ್ಕ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆ ಹೊತ್ತಿನಲ್ಲಿ ಮಾತ್ರ, ದೇವರೇ ಹೇಳದಿರಲಿ ಎಂದೇ ಬೇಡಿಕೊಂಡೆ.

ಅವತ್ತು ಸಂಜೆ ಆರಕ್ಕೆ ಆಲೆಮನೆಗೆ ಹೋದೆ. ಮುದ್ದಯ್ಯ ರೇಡಿಯೋದ ಮುಳ್ಳನ್ನು ಅದೇ ಜಾಗದಲ್ಲಿ ಇಟ್ಟಿದ್ದ. ಬರೀ ಗರಗರ ಸದ್ದು. ಯಾರೂ ಅದನ್ನು ಆರಿಸಲಿಲ್ಲ. ರಚ್ಚು ತಳ್ಳುವವರ ಕೈ ತಾಳ ತಪ್ಪಿತು. ಪಾಕ ಸೀದು, ಅಚ್ಚಿಗೆ ಹೊಯ್ದ ಬೆಲ್ಲ ಕಪ್ಪಗೆ ಬಂತು. "ಬೋರನ್ ಮುಸುಡಿ ಅಂಗೇ ಅದೆ," ಎಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು.

ಬೋರಯ್ಯ ಹೆಬ್ಬೆಟ್ಟಿನವರು. ಅವರ ಹೆಂಡತಿ ಪಾರ್ವತಮ್ಮ ಬೆಳಿಗ್ಗೆ ಡೈರಿಗೆ ಹಾಲು ತಂದಾಗ ಸಾಲಿನ ಹೆಂಗಸರು ಒಂದು ಮಾರು ಸರಿದು ನಿಲ್ಲುತ್ತಿದ್ದರು. "ಅಕ್ಷರ ಬರ್ದೇ ಇರೋನು ಕಾಗ್ದ ಎಂಗ್ ಬರ್ದಾನಪ್ಪ?" ಎಂದು ಆಕೆ ನನ್ನನ್ನು ಕೇಳಿದರು, ಕ್ಯಾನಿಗೆ ಹಾಲು ಸುರಿಯುತ್ತಾ. "ನೀನ್ ಓದ್ದೋನು. ನೀನಾದ್ರೂ ಒಂದ್ ಮಾತು ಏಳು."

ನಾನು ಲೀಟರಿನ ಗುರುತು ನೋಡುತ್ತಿದ್ದೇನೆಂಬಂತೆ ಬಗ್ಗಿಕೊಂಡೆ.

ಅದೇ ಮಾತು ಆಲೆಮನೆಯಲ್ಲೂ ಬಂತು. ಮುದ್ದಯ್ಯ ನನ್ನನ್ನು ನೇರವಾಗಿ ಕೇಳಿದ. "ಬೋರ ನಿನ್ ಕೈಲಿ ಬರೆಸ್ಕಂಡ್ನೇನ್ಲಾ?"

"ಬೋರಣ್ಣನಿಗೆ ನಾನು ಏನೂ ಬರೆದುಕೊಟ್ಟಿಲ್ಲ," ಎಂದೆ. ಆ ಮಾತಿನ ಮಟ್ಟಿಗೆ ನಿಜ.

"ಅಂಗಾರೆ ಕೆ.ಆರ್. ಪೇಟೆಲಿ ಬರೆಸವ್ನೆ ಬುಡು. ಅವ್ನ ಭಾವಮೈದ ಅವ್ನಲ್ಲ ಅಲ್ಲಿ."

ಬೋರಯ್ಯನಿಗೆ ಆ ವರ್ಷ ಒಂದು ತುಂಡು ಗದ್ದೆಯಲ್ಲಿ ಕಬ್ಬಿತ್ತು. ಕಾರ್ಖಾನೆಗೆ ಒಪ್ಪಿಸಿದ್ದಲ್ಲ, ಆಲೆಗೆಂದೇ ಬೆಳೆದದ್ದು. ಅದನ್ನು ಅರೆಯುವ ಸರದಿ ನವೆಂಬರ್ ಕೊನೆಗಿತ್ತು. ಮುದ್ದಯ್ಯ ಇವತ್ತಲ್ಲ ನಾಳೆ ಎಂದ, ಆಮೇಲೆ ಇಂಜಿನ್ನು ಸರಿಯಿಲ್ಲವೆಂದ, ಆಮೇಲೆ ಏನೂ ಹೇಳದೆ ಬೇರೆಯವರ ಗಾಡಿಯನ್ನು ಒಳಗೆ ಬಿಟ್ಟುಕೊಂಡ. ಕಬ್ಬು ಸೂಲಂಗಿ ಒಡೆಯಿತು. ಬಿಳಿ ಗರಿಗಳೆದ್ದ ಮೇಲೆ ಒಳಗಿನ ರಸ ದಿನದಿನಕ್ಕೂ ಇಳಿಯುತ್ತದೆ. ನಾನು ಡೈರಿಗೆ ಹೋಗುವ ದಾರಿಯಲ್ಲೇ ಆ ಗದ್ದೆ. ಹತ್ತನೆಯ ದಿನದಿಂದ ನಾನು ದಾರಿ ಬದಲಿಸಿ, ಬಾವಿಯ ಕಡೆಯಿಂದ ಸುತ್ತಿಕೊಂಡು ಹೋಗತೊಡಗಿದೆ.

ಹತ್ತೊಂಬತ್ತನೆಯ ದಿನ ಭಾನುವಾರ, ಚಿಕ್ಕಸ್ವಾಮಣ್ಣ ಅಂಗಡಿಗೆ ಕರೆಸಿದರು. "ಡಬ್ಬ ವಾಪಸ್ ಕೊಡಿ ಅಂತ ಒಂದ್ ಅರ್ಜಿ ಬರಿ. ಪಕ್ಕದ ಬೋರಯ್ಯ ತೆಂಗಿನಮರದ ಅಸೂಯೆಗೆ ಸುಳ್ ದೂರು ಕೊಟ್ಟವ್ನೆ ಅಂತ ಸರ್ಯಾಗ್ ಆಕು. ನಿನ್ ಕೈಲಿ ಬರ್ಸಿದ್ದು ಯಾವ್ದೂ ವಾಪಸ್ ಬರ್ನಿಲ್ಲ ಅಲ್ವಾ?"

ಬೇಡವೆನ್ನಬಹುದಿತ್ತು. ಬರೆದೆ. ಅಕ್ಷರ ದುಂಡಗೆ ಬಂತು, ಒಂದು ಚಿತ್ತಿಲ್ಲ. 'ಸದರಿ ಬೋರಯ್ಯನವರು ದ್ವೇಷದಿಂದ ಸಲ್ಲಿಸಿದ ಸುಳ್ಳು ದೂರಿನ ಮೇರೆಗೆ' ಎಂದು ಬರೆಯುವಾಗಲೂ ಪೆನ್ನು ನಿಲ್ಲಲಿಲ್ಲ. ಅದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಅರ್ಜಿ ಬರೆದಾದ ಮೇಲೆ ಸಹಿ ಹಾಕುವವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅವರು ಕೇಳಿ ಒಪ್ಪಿದ ಮೇಲೆಯೇ ಸಹಿ. ಓದು ಬಾರದವರಿಗಷ್ಟೇ ಅಲ್ಲ, ನಾನು ಎಲ್ಲರಿಗೂ ಹಾಗೆಯೇ ಮಾಡುತ್ತಿದ್ದೆ. ಚಿಕ್ಕಸ್ವಾಮಣ್ಣ ಬೆಸುಗೆ ಹಾಕುವ ಕಾದ ಕಡ್ಡಿ ಕೆಳಗಿಟ್ಟು, ಕಿವಿ ಕೊಟ್ಟು ಕುಳಿತರು. ನಾನು ಓದಿದೆ. ಮೊದಲ ಸಾಲು ಸರಿಯಾಗಿ ಓದಿದೆ. ಎರಡನೆಯದೂ ಸರಿಯಾಗಿ ಬಂತು. ಬೋರಯ್ಯನವರ ಹೆಸರು ಬರುವ ಜಾಗಕ್ಕೆ ಬಂದಾಗ ಅವರ ಮುಖ ನೋಡಿದೆ. ನಾನು ಏನು ಓದಿದರೂ ನಂಬುವ ಮುಖ. ಬಾಯಿಗೆ ಬೋರಯ್ಯ ಎಂಬ ಮಾತು ಬರಲೇ ಇಲ್ಲ.

"ಸದರಿ ಪುಟ್ಟರಾಜು ಎಂಬುವನು ಯಾರಿಗೂ ತಿಳಿಸದೆ ಒಪ್ಪಿಗೆ ಕೋರಿ ಬರೆದ ಅರ್ಜಿಯ ಮೇರೆಗೆ," ಎಂದು ಓದಿದೆ. "ಚೆಕ್ಕುಬಂದಿ ನಕ್ಷೆಯನ್ನೂ ಆತನೇ ಲಗತ್ತಿಸಿದ್ದು."

ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಇನ್ನೊಂದ್ಸಲ ಓದು."

ಓದಿದೆ.

ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಬೆರಳಿಟ್ಟು ನೋಡಿದರು. "ಇಲ್ಲಿ ಬೋರಯ್ಯ ಅಂತದೆ."

"ಬರೆದದ್ದು ಹಾಗೆ ಅಣ್ಣ."

"ಯಾವ್ದು ನಿಜ?"

"ಓದಿದ್ದು."

ಎಲ್ಲವನ್ನೂ ಹೇಳಿದೆ. ಕೋರ್ಟಿನ ಸುದ್ದಿ, ನಾಗಮಂಗಲದ ಪೋಸ್ಟಾಫೀಸು, ಕಾರ್ಯದರ್ಶಿ. ಕಾರ್ಯದರ್ಶಿ ಎಂದಾಗ ಅವರು ಮೊದಲ ಸಲ ನನ್ನ ಮುಖ ನೋಡಿದರು. ನಗುತ್ತಾರೇನೋ ಅಂದುಕೊಂಡೆ. ನಗಲಿಲ್ಲ.

"ಡಬ್ಬ ಓಯ್ತು. ಓಗ್ಲಿ, ಇನ್ನೊಂದ್ ಮಾಡಾಕೆ ಬತ್ತದೆ, ಮಾಡಂಗಿಲ್ಲ ಅಷ್ಟೇಯ," ಎಂದರು. "ಮೊನ್ನೆ ಬೋರಣ್ಣನ ಮರದ್ದು ಕಾಯಿ ನಮ್ ಅಂಗಳಕ್ಕೆ ಬಿತ್ತು. ಪಾರ್ವತಕ್ಕ ಬಂದು ಬಾಗ್ಲಲ್ಲಿ ನಿಂತ್ಕಂಡ್ಳು. ನಾನು ಕಾಯ್ನ ಚರಂಡಿಗೆ ಒದ್ದೆ ಕಣ್ಲಾ. ಅವ್ಳ ಕಣ್ಮುಂದೇಯ. ನಲವತ್ ವರ್ಷದ ನೆರೆಹೊರೆ. ನೀನು ನನ್ನೂ ಕೆಟ್ಟೋನ್ ಮಾಡ್ಬುಟ್ಟೆ."

"ತಪ್ಪಾಯ್ತು ಅಣ್ಣ."

"ನಂಗ್ಯಾಕ್ ಏಳ್ತಿಯ? ಅಲ್ಲೋಗ್ ಏಳು."

ಬೋರಯ್ಯ ಗದ್ದೆಯ ಬದುವಿನಲ್ಲಿದ್ದರು. ಕಬ್ಬಿನ ಜಲ್ಲೆಯೊಂದನ್ನು ಮುರಿದು ಅಗಿದು, ರುಚಿ ನೋಡಿ ಉಗಿದರು. ನಾನು ಹೇಳುತ್ತಾ ಹೋದೆ. ಅವರು ಇನ್ನೊಂದು ಜಲ್ಲೆ ಮುರಿದು ನೋಡಿದರು. ಮುಗಿದ ಮೇಲೆ, "ಆಯ್ತು. ಇಲ್ಲಿ ಏಳ್ದೆ. ಇಲ್ಲಿ ಯಾರವ್ರೆ ಕೇಳಾಕೆ?" ಎಂದರು. "ನನ್ನ ಅಂದಿದ್ದು ಆಲೆಮನೇಲಿ, ಇಪ್ಪತ್ ಜನದ್ ಮುಂದೆ. ನಡಿ."

ಅವರು ಮುಂದೆ, ನಾನು ಹಿಂದೆ ಹೋದೆವು. ಆಲೆಮನೆಯಲ್ಲಿ ಗಾಣ ನಡೆಯುತ್ತಿತ್ತು, ಇಂಜಿನ್ನಿನ ಸದ್ದು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಜನ ಕೆಲಸ ಬಿಟ್ಟು ನಿಂತರು. ನಾನು ಮುದ್ದಯ್ಯನ ಹತ್ತಿರ ಹೋಗಿ ಕಿವಿಯ ಬಳಿ ಹೇಳಿದೆ.

"ಏನಂದೆ? ಕೇಳಿಸ್ನಿಲ್ಲ."

ಮತ್ತೆ ಹೇಳಿದೆ. ಮುದ್ದಯ್ಯ ನನ್ನನ್ನೂ ಬೋರಯ್ಯನನ್ನೂ ನೋಡಿ, ಕೈಯೆತ್ತಿ ಇಂಜಿನ್ನು ನಿಲ್ಲಿಸಲು ಸನ್ನೆ ಮಾಡಿದ. ಸದ್ದು ನಿಂತಿತು. ಕೊಪ್ಪರಿಗೆಯಲ್ಲಿ ರಸ ಕುದಿಯುವುದಷ್ಟೇ ಕೇಳುತ್ತಿತ್ತು.

"ಈಗೇಳು. ಎಲ್ರಿಗೂ ಕೇಳಂಗೆ."

"ರೇಡಿಯೋ ಹೋಗಿದ್ದು ನನ್ನಿಂದ," ಎಂದೆ. "ಸರ್ಕಾರಕ್ಕೆ ಬರೆದವನು ನಾನು. ಬೋರಣ್ಣ ಅಲ್ಲ. ಅವರ ಹೆಸರು ಫೈಲಿಗೆ ಬಂದದ್ದು ನಾನು ಬರೆದ ಚೆಕ್ಕುಬಂದಿಯಿಂದ. ನನಗೆ ಮೊದಲಿಂದ ಗೊತ್ತಿತ್ತು."

"ಮೊದ್ಲಿಂದ ಅಂದ್ರೆ?" ಎಂದು ಒಲೆಯ ಬಳಿಯಿಂದ ಯಾರೋ ಕೇಳಿದರು.

"ಜೀಪು ಬಂದ ದಿನದಿಂದ."

"ಅವತ್ತು ಇಲ್ಲೇ ಕುಂತಿದ್ದೆ ಅಲ್ವೇನ್ಲಾ ನೀನು? ನಕ್ಕಂಡು?"

"ಹೂಂ."

ಬೈಗುಳ ಬರುತ್ತದೆಂದು ಕಾದೆ. ಒಬ್ಬ "ಥೂ" ಎಂದು ಪಕ್ಕಕ್ಕೆ ಉಗಿದ, ಅಷ್ಟೇ. ಉಳಿದವರು ನನ್ನನ್ನು ನೋಡಲಿಲ್ಲ. ಬೋರಯ್ಯನ ಕಡೆಗೂ ನೋಡಲಾರದೆ, ಕೈಗೆ ಸಿಕ್ಕ ಕೆಲಸ ಹುಡುಕುತ್ತಿದ್ದರು. ಮುದ್ದಯ್ಯ ಟವೆಲಿನಿಂದ ಮುಖ ಒರೆಸಿಕೊಂಡ, ಎರಡು ಸಲ.

"ನಾಳೀಕೆ ಕಡ್ಸು ಬೋರಣ್ಣ," ಎಂದ. "ಮೊದ್ಲು ನಿಂದೇ ಅರಿಯೋದು."

"ಅರೆದ್ರೆ ಏನ್ ಬತ್ತದೆ ಈಗ," ಎಂದರು ಬೋರಯ್ಯ. ಆದರೂ ತಲೆಯಾಡಿಸಿದರು. ಮುದ್ದಯ್ಯ ಬೀಡಿ ಕೊಡಲು ಬಂದ. ಅವರು ತೆಗೆದುಕೊಂಡು, ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡರು. ಹೊರಟ ಬೋರಯ್ಯ ನನ್ನ ಮುಂದೆ ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು.

"ಇಷ್ಟ್ ಏಳಾಕೆ ನನ್ ಕಬ್ಬು ಒಣಗ್ಬೇಕಿತ್ತೇನ್ಲಾ?"

ನನಗೆ ಅರ್ಜಿಗೆ ಹೊಂದುವ ಮಾತುಗಳು ಮಾತ್ರ ನೆನಪಾದವು. ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಇಂಜಿನ್ನು ಮತ್ತೆ ಶುರುವಾಯಿತು. ರಚ್ಚು ಹೊತ್ತು ತರುತ್ತಿದ್ದವನಿಗೆ ಅಡ್ಡವಾಗಿ ನಾನು ಇನ್ನೂ ಅಲ್ಲೇ ನಿಂತಿದ್ದೆ.

"ಪಕ್ಕಕ್ ನಿಂತ್ಕೊ," ಎಂದ ಮುದ್ದಯ್ಯ, ನನ್ನ ಕಡೆ ನೋಡದೆ.

ಪಕ್ಕಕ್ಕೆ ನಿಂತುಕೊಂಡೆ.